ಎರಡು ಕೆಲಸಕ್ಕೆ ಒಂದೇ ಸ್ಕೀ

ಮೂರನೆಯ ಸ್ಯಾಂಪಲ್ ಜೋಡಿ ಬಂದ ದಿನವೇ ನನಗೆ ಅನುಮಾನ ಹುಟ್ಟಿತು. ಎಷ್ಟು ಹುಡುಕಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ಅನುಮಾನಕ್ಕೆ ಅದೇ ಕಾರಣ.

ವಿಜಯಪುರದಲ್ಲಿ ಕೂತು ಸ್ಕೀ ಆರಿಸುವ ಕೆಲಸ ಯಾರಿಗೆ ಬರುತ್ತದೆ ಎಂದು ಕೇಳುವವರಿಗೆ ಇಷ್ಟು ಹೇಳಬೇಕು. ನಾನು ತೊರವಿಯ ಅಂಚಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಬೋಧಕ. ಅದಕ್ಕೂ ಮುಂಚೆ ಸೈನ್ಯದಲ್ಲಿದ್ದೆ, ಎಂಟು ಚಳಿಗಾಲ ಹಿಮದ ಮೇಲೆ ಕಳೆದಿದ್ದೆ. ನಮ್ಮದು ಸೈಕಲ್ ತುಳಿಯುವವರ ಜಿಲ್ಲೆ. ಅದೇ ತೊಡೆ, ಅದೇ ಉಸಿರು ಹಿಮದ ಗುಡ್ಡ ಹತ್ತಲಿಕ್ಕೂ ಸಾಕು ಎಂದು ನನಗೆ ಗೊತ್ತಿತ್ತು. ಐದು ಜನ ವಿದ್ಯಾರ್ಥಿಗಳನ್ನು ಹಿಂದಿನ ಚಳಿಗಾಲ ಹಿಮಾಚಲಕ್ಕೆ ಕರೆದೊಯ್ದು ಮೊದಲ ತರಬೇತಿ ಮಾಡಿಸಿ ತಂದಿದ್ದೆ. ಬೇಸಿಗೆಯಿಡೀ ಅವರು ಬೆಳಗಿನ ಹೊತ್ತು ಅಥಣಿ ರಸ್ತೆಯಲ್ಲಿ ಗಾಲಿ ಹಚ್ಚಿದ ಸ್ಕೀ ಮೇಲೆ ಓಡಿದ್ದರು. ಹಾಲಿನ ಗಾಡಿಯವರು ನಿಂತು ನೋಡುತ್ತಿದ್ದರು.

ಎರಡನೆಯ ತರಬೇತಿ ಹನ್ನೊಂದು ದಿನದ್ದು. ಮೊದಲ ಆರು ದಿನ ರೆಸಾರ್ಟಿನ ಇಳಿಜಾರು: ತಂತಿಯ ಕುರ್ಚಿಯಲ್ಲಿ ಮೇಲೆ ಹೋಗುವುದು, ಯಂತ್ರದಿಂದ ಹದಮಾಡಿದ ಗಟ್ಟಿ ಹಿಮದ ಮೇಲೆ ಇಳಿಯುವುದು. ಉಳಿದ ಐದು ದಿನ ಯಾರೂ ಹದಮಾಡದ ಬೆಟ್ಟ. ಅಲ್ಲಿ ಕುರ್ಚಿ ಇಲ್ಲ. ಸ್ಕೀ ತೊಟ್ಟ ಕಾಲಲ್ಲೇ ಹತ್ತಬೇಕು, ಅದರಲ್ಲೇ ಇಳಿಯಬೇಕು. ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಆರು ಜೋಡಿ ಸ್ಕೀ ಕೊಡಿಸಲು ಒಪ್ಪಿದರು. ಪ್ರಾಚಾರ್ಯರು ನನ್ನನ್ನು ಕರೆದು, "ಎರಡೆರಡು ಥರದ್ದು ಬ್ಯಾಡ್ರಿ. ಎಲ್ಲಾ ಕಡೆ ನಡಿಯೂ ಅಂಥದ್ದು ಒಂದ ಆರಿಸ್ರಿ," ಎಂದರು.

ಎಲ್ಲ ಕಡೆ ನಡೆಯುವುದು ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಗಟ್ಟಿ ಹಿಮಕ್ಕೆ ಕಿರಿದಾದ, ಬಿರುಸಾದ, ಭಾರದ ಸ್ಕೀ ಬೇಕು. ಅಂಚಿನ ಉಕ್ಕಿನ ಪಟ್ಟಿ ಚಾಕುವಿನಂತೆ ಕಚ್ಚಬೇಕು. ಮೆತ್ತನೆಯ ಹಿಮಕ್ಕೆ ಅಗಲವಾದದ್ದು ಬೇಕು, ಇಲ್ಲದಿದ್ದರೆ ಹೂತುಹೋಗುತ್ತದೆ. ಹತ್ತಲಿಕ್ಕೆ ಹಗುರವಾದದ್ದು ಬೇಕು. ಒಂದೊಂದು ಕಾಲಿಗೆ ಇನ್ನೂರು ಗ್ರಾಂ ಹೆಚ್ಚಾದರೂ ಮಧ್ಯಾಹ್ನದ ಹೊತ್ತಿಗೆ ಸೊಂಟ ಲೆಕ್ಕ ಕೇಳುತ್ತದೆ. ಆದರೆ ತೀರ ಹಗುರವಾದದ್ದು ಗಟ್ಟಿ ಹಿಮದ ಮೇಲೆ ತಗಡಿನಂತೆ ನಡುಗುತ್ತದೆ. ಈ ಎಲ್ಲದರ ನಡುವೆ ಒಂದು ಸಣ್ಣ ಜಾಗವಿದೆ: ನಡು ಅಗಲ ತೊಂಬತ್ತು ಮಿಲಿಮೀಟರಿನ ಆಸುಪಾಸು, ಒಂದರ ತೂಕ ಒಂದೂವರೆ ಕಿಲೋ, ಮುಂತುದಿ ಸ್ವಲ್ಪ ಮೇಲಕ್ಕೆ ಬಾಗಿದ್ದು, ಪಾದದ ಕೆಳಗೆ ಮಾತ್ರ ಬಿರುಸು. ಆ ಜಾಗದಲ್ಲಿ ಕೂರುವಂಥದ್ದನ್ನೇ ನಾನು ಹುಡುಕತೊಡಗಿದೆ.

ಮೂರು ಕಡೆಯಿಂದ ಸ್ಯಾಂಪಲ್ ತರಿಸಿದೆ. ಮೊದಲನೆಯದು ಎರಡು ಕಿಲೋ ಮೀರಿತ್ತು, ಅದನ್ನು ಹೊತ್ತು ಹತ್ತುವವರು ಯಾರು. ಎರಡನೆಯದು ರೇಸಿನ ಸ್ಕೀ. ಎರಡು ಕುರ್ಚಿಗಳ ಮೇಲೆ ಆನಿಸಿ ಅಂಗೈಯಿಂದ ಒತ್ತಿದರೆ ಬಿದಿರಿನ ಸೀಳಿನ ಹಾಗೆ ಬಳುಕಿತು. ಮೂರನೆಯದನ್ನು ಪುಣೆಯ ವಿತರಕರ ಪ್ರತಿನಿಧಿ ಸ್ವತಃ ಹೊತ್ತು ತಂದ. ಮೂವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ತಾಯಿಯ ತವರು ತಿಕೋಟಾ ಎಂದು ಹೇಳಿ ನಮ್ಮ ಮಾತಿನಲ್ಲೇ ಮಾತಾಡಿದ. ಅದೂ ನನ್ನ ಅನುಮಾನವನ್ನು ಹೆಚ್ಚಿಸಿತು. ಸಾಮಾನು ಮಾರಲು ಬಂದವನು ಮೊದಲು ನೆಂಟಸ್ತನ ಹೇಳಿದರೆ ನನ್ನ ಕೈ ತಾನಾಗಿ ಅಳತೆಯ ಪಟ್ಟಿಗೆ ಹೋಗುತ್ತದೆ.

ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೆ. ನಡು ಅಗಲ ತೊಂಬತ್ತೆರಡು. ಭೌತಶಾಸ್ತ್ರ ವಿಭಾಗದ ತಕ್ಕಡಿಯಲ್ಲಿ ತೂಗಿದೆ. ಒಂದು ಸಾವಿರದ ಐನೂರ ಹದಿನೆಂಟು, ಇನ್ನೊಂದು ಸಾವಿರದ ಐನೂರ ಹದಿನಾಲ್ಕು. ಎರಡನ್ನೂ ತಳಕ್ಕೆ ತಳ ಜೋಡಿಸಿ ಹಿಡಿದರೆ ನಡುವೆ ಬೆಳಕು ಹಾಯುವ ಸಂದು ಎರಡೂ ಕಡೆ ಸಮ.

"ಎಲ್ಲಾ ಬರೋಬರಿ ಅದಾವೇನ್ರಿ ಸರ್ರ?" ಎಂದು ಪ್ರತಿನಿಧಿ ಕೇಳಿದ.

"ಈ ಜೋಡಿ ಬರೋಬರಿ ಐತಿ. ಬರೂ ಆರೂ ಜೋಡಿ ಇದರಂಗ ಇರ್ತಾವಂತ ಹೆಂಗ ನಂಬೂದು?"

"ನಂಬಬ್ಯಾಡ್ರಿ. ಬಂದ ಮ್ಯಾಲ ನೀವ ನೋಡಿ, ಪಾಸ್ ಮಾಡ್ರಿ. ಪಾಸ್ ಆಗಲಿಲ್ಲಂದ್ರ ನಾ ಹೊಳ್ಳಿ ಒಯ್ತೇನಿ."

ಇಷ್ಟು ಸಲೀಸಾಗಿ ಒಪ್ಪುವವರನ್ನು ನಾನು ಕಡಿಮೆ ನೋಡಿದ್ದೆ. ಆದರೂ ಆರಿಸಲಿಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ನೂರ ಐವತ್ತಾರು ಸೆಂಟಿಮೀಟರಿನವು ಎರಡು ಜೋಡಿ, ನೂರ ಅರವತ್ತನಾಲ್ಕರವು ಮೂರು, ನನಗಾಗಿ ನೂರ ಎಪ್ಪತ್ತೆರಡರದ್ದು ಒಂದು, ಹೀಗೆ ಬರೆದುಕೊಟ್ಟೆ. ಸ್ಕೀಯ ಉದ್ದ ಆಳಿನ ಎತ್ತರಕ್ಕೆ ಹೊಂದಬೇಕು. ಉದ್ದ ಹೆಚ್ಚಾದರೆ ತಿರುಗಿಸಲು ಆಗುವುದಿಲ್ಲ.

ನವೆಂಬರ್ ಕೊನೆಗೆ ಆರೂ ಜೋಡಿ ಬಂದವು. ತೂಗಿದೆ. ಮೂರು ಜೋಡಿ ಸ್ಯಾಂಪಲ್ಲಿನಷ್ಟೇ ಇದ್ದವು. ಇನ್ನು ಮೂರು ಜೋಡಿಯಲ್ಲಿ ಒಂದೊಂದು ಸ್ಕೀ ಅರವತ್ತು, ಎಂಬತ್ತು, ಒಂದಂತೂ ನೂರ ಹತ್ತು ಗ್ರಾಂ ಹೆಚ್ಚು ತೂಗಿತು. ಫೋನ್ ಮಾಡಿದೆ. "ಒಳಗ ಕಟಗಿ ಐತ್ರಿ ಸರ್ರ. ಕಟಗಿ ಒಂದ ತೂಕಾ ಎಲ್ಲಿರ್ತದ," ಎಂದ ಪ್ರತಿನಿಧಿ. ಮಾತು ಸುಳ್ಳಲ್ಲ. ಸ್ಕೀಯ ತಿರುಳು ಮರದ್ದು, ತೂಕದಲ್ಲಿ ಏರುಪೇರು ಇದ್ದೇ ಇರುತ್ತದೆ. ಆದರೆ ನೂರ ಹತ್ತು ಗ್ರಾಂ ನನ್ನ ತಲೆಯಿಂದ ಇಳಿಯಲಿಲ್ಲ.

ಅಂಟು ಕೆಟ್ಟಿರಬಹುದೇ ಎಂದು ಮೊದಲು ಅನಿಸಿತು. ಸ್ಕೀ ಎಂದರೆ ಮರ, ನಾರಿನ ಹಾಳೆ, ಉಕ್ಕಿನ ಪಟ್ಟಿ, ಪ್ಲಾಸ್ಟಿಕ್ ತಳ, ಇಷ್ಟನ್ನೂ ಅಂಟಿನಿಂದ ಒಂದಾಗಿಸಿದ ವಸ್ತು. ಚಳಿಯಲ್ಲಿ ಅಂಟು ಬಿಟ್ಟರೆ ಪದರ ಬಾಯಿ ಬಿಡುತ್ತದೆ. ವಿಜಯಪುರದಲ್ಲಿ ಚಳಿಯನ್ನು ಎಲ್ಲಿಂದ ತರುವುದು? ತಿಕೋಟಾ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ನನ್ನ ಪರಿಚಯದವರು. ದ್ರಾಕ್ಷಿಯ ಕೋಣೆಗಳ ಪಕ್ಕದಲ್ಲಿ ಐಸ್‌ಕ್ರೀಮ್ ಇಡುವ ಒಂದು ಸಣ್ಣ ಕೋಣೆ ಇತ್ತು, ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ. ಹನ್ನೆರಡು ಸ್ಕೀಗಳನ್ನೂ ಅಲ್ಲಿ ಎರಡು ದಿನ ಇಟ್ಟೆ. ಹತ್ತುವಾಗ ಹಿಂದಕ್ಕೆ ಜಾರದಂತೆ ತಳಕ್ಕೆ ಅಂಟಿಸುವ ರೋಮದ ಪಟ್ಟಿಗಳನ್ನೂ ಇಟ್ಟೆ. ಮೂರನೆಯ ದಿನ ಸ್ವೆಟರ್ ಹಾಕಿಕೊಂಡು ಒಳಗೆ ಹೋಗಿ, ಒಂದೊಂದನ್ನೇ ಒತ್ತಿ, ಬಗ್ಗಿಸಿ, ಪಟ್ಟಿ ಅಂಟಿಸಿ, ಕಿತ್ತು ನೋಡಿದೆ. ಒಂದೂ ಬಾಯಿ ಬಿಟ್ಟಿರಲಿಲ್ಲ. ಒಂದು ಪಟ್ಟಿಯೂ ಕಳಚಲಿಲ್ಲ.

ಪ್ರಾಚಾರ್ಯರಿಗೆ ಹೇಳಿದಾಗ ಅವರು ನಕ್ಕರು. "ಮಿಲಿಟರಿ ಒಳಗ ನಿಮಗ ಯಾರರೆ ಭಾಳ ಮೋಸಾ ಮಾಡ್ಯಾರ ಏನ್ರಿ? ಸಹಿ ಹಾಕ್ರಿ. ಜನವರಿ ಬಂತು."

ಮೋಸ ಯಾರೂ ಮಾಡಿರಲಿಲ್ಲ. ಆದರೆ ಒಂದು ಬೆಳಿಗ್ಗೆ, ಬೇರೊಬ್ಬರು ನೋಡಿ ಸರಿ ಎಂದು ಗುರುತು ಹಾಕಿದ್ದ ಸ್ಕೀಗಳನ್ನು ನಾನು ನೋಡದೆ ತೊಟ್ಟಿದ್ದೆ. ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಟ್ಟುಕೊಡಬೇಕಾದ ಬೈಂಡಿಂಗ್ ಬಿಡಲಿಲ್ಲ. ಸ್ಕೀ ಒಂದು ಕಡೆ ತಿರುಗಿತು, ನನ್ನ ಎಡ ಮೊಣಕಾಲು ಅದರ ಜೊತೆ ಹೋಯಿತು. ಅಂದಿನಿಂದ ಬೇರೆಯವರ ಗುರುತನ್ನು ನಾನು ಗುರುತೆಂದು ಲೆಕ್ಕ ಹಿಡಿಯುವುದಿಲ್ಲ.

ಸಾಮಾನು ಪಾಸಾಯಿತೆಂಬ ಕಾಗದಕ್ಕೆ ಸಹಿ ಮಾಡಲಿಲ್ಲ. ಬೈಂಡಿಂಗ್ ಕೂರಿಸಿದ ಮೇಲೆ ಮಾಡುತ್ತೇನೆಂದೆ. ಬೈಂಡಿಂಗುಗಳು ಬೇರೆ ಕಡೆಯಿಂದ ಬಂದಿದ್ದವು; ಹತ್ತುವಾಗ ಹಿಮ್ಮಡಿಯನ್ನು ಬಿಡುವ, ಇಳಿಯುವಾಗ ಕಚ್ಚಿ ಹಿಡಿಯುವ ಬಗೆಯವು. ಅವನ್ನು ಕೂರಿಸಲು ಸ್ಕೀಗೆ ಒಂಬತ್ತು ಮಿಲಿಮೀಟರ್ ಆಳದ ತೂತು ಕೊರೆಯಬೇಕು. ಒಂದು ಮಿಲಿಮೀಟರ್ ಹೆಚ್ಚಾದರೆ ತಳ ಒಡೆಯುತ್ತದೆ. ಓರೆಯಾದರೆ ಸ್ಕ್ರೂ ಹಿಡಿಯುವುದಿಲ್ಲ. ಕೈ ಡ್ರಿಲ್ಲಿನ ಕೆಲಸವಲ್ಲ. ನಮ್ಮ ಐವರಲ್ಲಿ ಹತ್ತುವುದರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದ ಹುಡುಗಿ ಬಬಲೇಶ್ವರದವಳು. ಅವಳ ಅಪ್ಪ ಬಡಿಗ. ಅವರ ಅಂಗಡಿಯಲ್ಲಿ ನಿಲ್ಲಿಸಿ ಕೊರೆಯುವ ಡ್ರಿಲ್ ಮಷೀನ್ ಇದೆ ಎಂದು ಅವಳೇ ಹೇಳಿದಳು.

ಕಾಲೇಜಿನ ಜೀಪಿನಲ್ಲಿ ಎಲ್ಲವನ್ನೂ ಹಾಕಿಕೊಂಡು ಬಬಲೇಶ್ವರಕ್ಕೆ ಹೋದೆ. ಬಡಿಗ ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದರು. ನನ್ನ ಕಡೆ ನೋಡಿ ಕೆಲಸ ನಿಲ್ಲಿಸಲಿಲ್ಲ. ಸ್ಕೀಗಳನ್ನು ಇಳಿಸಿದ ಮೇಲೆ ಬಂದು ಒಂದನ್ನು ಎತ್ತಿಕೊಂಡರು.

"ಇದನ್ನ ನನ್ನ ಮಗಳ ಕಾಲಿಗೆ ಕಟ್ಟೂದೇನ್ರಿ?"

"ಹೌದ್ರಿ."

"ಇದು ಹತ್ತಾಕೋ, ಇಳ್ಯಾಕೋ?"

"ಎರಡಕ್ಕೂ."

ಅವರು ಸ್ಕೀಯ ಅಂಚಿಗೆ ಕಣ್ಣು ಹಚ್ಚಿ ಉದ್ದಕ್ಕೂ ನೋಡಿದರು. "ಎರಡೂ ಕೆಲಸಾ ಮಾಡ್ತೇನಿ ಅನ್ನೂ ಸಾಮಾನ ನಾ ಭಾಳ ನೋಡೇನಿ ಸರ್ರ. ಎರಡನ್ನೂ ಅರ್ಧಾ ಮಾಡ್ತಾವ. ನೀವರೆ ಇದರ ಮ್ಯಾಲ ಇಳದೀರೇನು?"

"ಇಂಥದರ ಮ್ಯಾಲ ಇಳದೇನಿ. ಇದರ ಮ್ಯಾಲ ಇಲ್ಲ."

"ಮತ್ತ ಆಕಿನ್ನ ಯಾಕ ಮೊದಲ ಕಳಸ್ತೀರಿ?"

ಹುಡುಗಿ ನಡುವೆ ಬಂದಳು. "ಯಪ್ಪಾ, ಅವರು ನಮಗಿಂತ ಮೊದಲ ಇಳಿತಾರ. ನೀ ಸುಮ್ನ ತೂತ ಹಾಕು."

ನಾನು ಕಾಗದದ ನಮೂನೆಯನ್ನು ನೂರ ಐವತ್ತಾರರ ಒಂದು ಸ್ಕೀ ಮೇಲೆ ಅಂಟಿಸಿ ತೂತುಗಳ ಜಾಗ ಗುರುತಿಸಿದೆ. ಬಡಿಗ ಅದನ್ನು ಮಷೀನಿನ ಕೆಳಗೆ ಇಟ್ಟರು, ಆದರೆ ಮಷೀನ್ ಹಚ್ಚಲಿಲ್ಲ. ಚಾಣದ ಹಿಡಿಕೆಯಿಂದ ಮೆಲ್ಲಗೆ ಕುಟ್ಟುತ್ತ ತುದಿಯಿಂದ ನಡುವಿಗೆ ಬಂದರು. ಒಂದು ಕಡೆ ನಿಂತರು. ಮತ್ತೆ ಹಿಂದೆ ಹೋಗಿ ಕುಟ್ಟಿದರು. ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ.

"ಇಲ್ಲೆ ಬ್ಯಾರೆ ಏನೋ ತುಂಬ್ಯಾರ," ಎಂದರು.

"ಏನ ತುಂಬ್ಯಾರ?"

"ಗೊತ್ತಿಲ್ಲ. ಕಟಗಿ ಅಲ್ಲ. ಕಟಗಿ ಹಿಂಗ ಮಾತಾಡೂದಿಲ್ಲ."

ನಾನು ಕಿವಿ ಹಚ್ಚಿದೆ. ಅವರು ಮತ್ತೆ ಕುಟ್ಟಿದರು. ಆಗ ಕೇಳಿಸಿತು. ಬೇರೆಲ್ಲ ಕಡೆ ಸ್ವಲ್ಪ ಟೊಳ್ಳು ದನಿ, ಆ ಚುಕ್ಕೆಗಳಲ್ಲಿ ಮಾತ್ರ ಕಲ್ಲಿನ ಹಾಗೆ ಕುಂದಿದ ದನಿ. ಒಂದಲ್ಲ, ನಾಲ್ಕು ಚುಕ್ಕೆ, ಚೌಕಾಕಾರದಲ್ಲಿ. ಆ ಚೌಕ ನನಗೆ ಗೊತ್ತಿತ್ತು. ಬೈಂಡಿಂಗಿನ ಮುಂದಿನ ಭಾಗ ಕೂರುವ ಅಳತೆ ಅದು.

ಮೇಲಿನ ಬಣ್ಣದ ಹಾಳೆಯ ಮೂಲೆಗೆ ಬಿಸಿಗಾಳಿ ಹಿಡಿದು ಚಾಣದ ಮೊನೆಯಿಂದ ಎಬ್ಬಿಸಿದೆವು. ಕಾರ್ಖಾನೆಯಲ್ಲಿ ಕೂರಿಸಿದ ಹಾಳೆಯಾಗಿದ್ದರೆ ಏಳುತ್ತಿರಲಿಲ್ಲ. ಇದು ಬಾಳೆಯ ಸಿಪ್ಪೆಯಂತೆ ಸುಲಿದು ಬಂತು. ಅದರ ಕೆಳಗೆ ಇನ್ನೊಂದು ಬಣ್ಣ, ಗೀರುಗಳು, ಅರ್ಧ ಅಳಿಸಿದ ಒಂದು ಅಂಕಿ, ಮತ್ತು ಹಳದಿ ಅಂಟು ತುಂಬಿ ಸಾಪು ಮಾಡಿದ ನಾಲ್ಕು ತೂತುಗಳು. ಯಾವುದೋ ಬಾಡಿಗೆ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದ ಸ್ಕೀ. ಹೊಸ ಬಣ್ಣ ಹೊದ್ದು ಬಬಲೇಶ್ವರದವರೆಗೆ ಬಂದಿತ್ತು.

ಸಂಜೆಯವರೆಗೆ ಹನ್ನೆರಡನ್ನೂ ಕುಟ್ಟಿ ನೋಡಿದೆವು. ನೂರ ಐವತ್ತಾರರ ಎರಡೂ ಜೋಡಿ, ನೂರ ಅರವತ್ತನಾಲ್ಕರ ಒಂದು ಜೋಡಿಯಲ್ಲಿ ಹಳೆಯ ಸ್ಕೀ ಬೆರೆತಿದ್ದವು. ತೂಕದಲ್ಲಿ ಏರುಪೇರಾದದ್ದೂ ಅವೇ ಮೂರು. ಉಳಿದ ಮೂರು ಜೋಡಿ ನಿಜವಾಗಿ ಹೊಸವು.

ಆ ರಾತ್ರಿ ಫೋನ್ ಮಾಡಿದ್ದರಿಂದ ಮರುದಿನವೇ ಪ್ರಾಚಾರ್ಯರೂ ಪುಣೆಯ ಪ್ರತಿನಿಧಿಯೂ ಆ ಅಂಗಡಿಗೆ ಬಂದರು. ಸುಲಿದ ಸ್ಕೀ ನೋಡಿ ಪ್ರತಿನಿಧಿಯ ನಗು ನಿಂತಿತು, ಆದರೆ ಮಾತು ನಿಲ್ಲಲಿಲ್ಲ. ಗೋದಾಮಿನಲ್ಲಿ ಅದಲುಬದಲಾಗಿರಬೇಕು ಎಂದ. ಆಮೇಲೆ, ತುಂಬಿದ ತೂತಿನಿಂದ ಅಪಾಯವಿಲ್ಲ, ಪರದೇಶದಲ್ಲೂ ಹಾಗೇ ಮಾಡುತ್ತಾರೆ ಎಂದ. ಅದರಲ್ಲೂ ಅರ್ಧ ನಿಜವಿತ್ತು. ಚೆನ್ನಾಗಿ ತುಂಬಿದರೆ, ಹೊಸ ತೂತು ಹಳೆಯದರಿಂದ ದೂರವಿದ್ದರೆ ನಡೆಯುತ್ತದೆ. ಇಲ್ಲಿ ಎರಡರ ನಡುವೆ ಅರ್ಧ ಬೆರಳಿನಷ್ಟೂ ಜಾಗ ಇರಲಿಲ್ಲ.

"ನಿಮಗ ಅನುಮಾನ ಇದ್ರ ಕೂರಿಸಿ ನೋಡ್ರಿ," ಎಂದ ಅವನೇ. "ಮುರದ್ರ ನನ್ನ ಮ್ಯಾಲ."

ಬಡಿಗ ಒಂದು ಹಳೆಯ ಸ್ಕೀಗೆ ಬೈಂಡಿಂಗ್ ಕೂರಿಸಿದರು. ಅಂಟು ಹಾಕಿ, ಸ್ಕ್ರೂ ಬಿಗಿದು, ಊಟ ಮುಗಿಸಿ ಬರುವವರೆಗೆ ಒಣಗಲು ಬಿಟ್ಟೆವು. ಒಂದು ಹೊಸ ಸ್ಕೀಗೂ ಹಾಗೇ ಮಾಡಿದೆವು. ಆಮೇಲೆ ಹೊಸದನ್ನು ಮೊದಲು ಬೆಂಚಿಗೆ ಬಿಗಿದು, ಬೂಟು ಸಿಕ್ಕಿಸಿ, ಬೂಟಿನೊಳಗೆ ಆಳುದ್ದದ ಸಾಗುವಾನಿ ಪಟ್ಟಿ ತೂರಿಸಿ ಬಡಿಗ ತಮ್ಮ ಭಾರ ಹಾಕಿದರು. ಟಕ್ ಎಂದು ಬೂಟು ಬಿಟ್ಟುಕೊಂಡಿತು, ಬೈಂಡಿಂಗ್ ಅಲ್ಲಾಡಲಿಲ್ಲ. ಹಾಗೇ ಆಗಬೇಕು. ಮೂರು ಸಲ ಮಾಡಿದರೂ ಅದೇ.

ಹಳೆಯದರ ಮೇಲೆಯೂ ಮೊದಲ ಸಲ ಬೂಟು ಹಾಗೇ ಬಿಟ್ಟುಕೊಂಡಿತು. ಪ್ರತಿನಿಧಿ ಪ್ರಾಚಾರ್ಯರ ಮುಖ ನೋಡಿದ. ಎರಡನೆಯ ಸಲ ಬೂಟು ಬಿಡುವ ಮೊದಲೇ ಕರ್ ಎಂಬ ಸಣ್ಣ ದನಿ ಬಂತು. ಮೂರನೆಯ ಸಲ ಬೈಂಡಿಂಗೇ ಬೂಟಿನ ಜೊತೆ ಎದ್ದು ಬಂತು, ನಾಲ್ಕೂ ಸ್ಕ್ರೂಗಳ ಬುಡಕ್ಕೆ ಹಳದಿ ಅಂಟಿನ ಉಂಡೆ ಅಂಟಿಕೊಂಡಿತ್ತು.

ಪ್ರತಿನಿಧಿ ಮರದ ರಾಶಿಯ ಮೇಲೆ ಕೂತ. ಹುಡುಗಿ ತಂದುಕೊಟ್ಟ ನೀರು ಕುಡಿದ. "ನಂಗ ಖರೇನ ಗೊತ್ತಿರಲಿಲ್ರಿ," ಎಂದ, ನನಗಲ್ಲ, ಬಡಿಗರಿಗೆ. ಅವನು ಹೋದ ಮೇಲೆ ಬಡಿಗ, "ಆಂವಗ ಗೊತ್ತಿರಲಿಲ್ಲ. ಗೊತ್ತಿದ್ರ ನೋಡ್ರಿ ಅಂತಿರಲಿಲ್ಲ," ಎಂದರು. ಗೊತ್ತಿದ್ದವನೂ ಹಾಗೆ ಹೇಳಬಲ್ಲ ಎಂದು ನನಗೆ ಅನಿಸಿತು. ಇಂದಿಗೂ ನಾನು ಆ ಮನುಷ್ಯನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದಿಲ್ಲ.

ಹಳೆಯ ಮೂರು ಜೋಡಿ ವಾಪಸ್ ಹೋಗಬೇಕು, ಬದಲಿ ಬರಲು ಎರಡು ತಿಂಗಳು ಬೇಕು ಎಂದು ಪುಣೆಯಿಂದ ಉತ್ತರ ಬಂತು. ತರಬೇತಿಗೆ ಮೂರು ವಾರ ಉಳಿದಿತ್ತು. ನನ್ನ ಕೈಯಲ್ಲಿದ್ದದ್ದು ನೂರ ಅರವತ್ತನಾಲ್ಕರ ಎರಡು ಜೋಡಿ, ನನಗೆಂದು ತರಿಸಿದ ನೂರ ಎಪ್ಪತ್ತೆರಡರ ಒಂದು ಜೋಡಿ. ನೂರ ಐವತ್ತಾರರದ್ದು ಒಂದೂ ಇರಲಿಲ್ಲ. ಅಂದರೆ ತಪ್ಪನ್ನು ಹಿಡಿದುಕೊಟ್ಟ ಮನೆಯ ಹುಡುಗಿಗೇ ಸ್ಕೀ ಇರಲಿಲ್ಲ.

ಆಕೆ ಎರಡು ದಿನ ಯೋಚಿಸಿ ನನ್ನ ಬಳಿ ಬಂದಳು. ವಾಪಸ್ ಕಳಿಸಬೇಕಾದ ನೂರ ಐವತ್ತಾರರ ಎರಡನೆಯ ಜೋಡಿಯಲ್ಲಿ ಒಂದು ಸ್ಕೀ ಚೊಕ್ಕವಾಗಿದೆ, ಇನ್ನೊಂದರಲ್ಲಿ ಎರಡೇ ತೂತು ಅಡ್ಡ ಬರುತ್ತವೆ, ಬೈಂಡಿಂಗನ್ನು ಒಂದು ಬೆರಳು ಹಿಂದೆ ಕೂರಿಸಿದರೆ ಅವು ತಪ್ಪುತ್ತವೆ ಎಂದು ಚಿತ್ರ ಬರೆದು ತೋರಿಸಿದಳು. ಲೆಕ್ಕ ಸರಿಯಿತ್ತು.

"ಅಪ್ಪನ್ನ ಕೇಳೀಯೇನು?" ಎಂದೆ.

"ಕೇಳೇನ್ರಿ. ಹಿಂದ ಕೂರಿಸಿದ್ರ ಹಿಡೀತೈತಿ ಅಂದಾನ."

ನನಗೆ ಆಶ್ಚರ್ಯವಾಗಿ ಬಡಿಗರಿಗೆ ಫೋನ್ ಮಾಡಿದೆ. "ಹಿಡೀತೈತಿ ಅಂದೇನ್ರಿ," ಎಂದರು. "ಆಕಿ ವರ್ಷಪೂರ್ತಿ ಓಡ್ಯಾಳ ಸರ್ರ ಅದರ ಸಲುವಾಗಿ. ನೀವು ಹೂಂ ಅಂದ್ರ ನಾ ಕೂರಸ್ತೇನಿ."

ಅಷ್ಟು ಅನುಮಾನದ ಮನುಷ್ಯ ಮಗಳ ಮುಖ ನೋಡಿ ಸಡಿಲಾಗಿದ್ದರು. ನಾನೂ ಆ ಸಂಜೆ ಸಡಿಲಾಗಿದ್ದೆ. ಪ್ರಾಚಾರ್ಯರು ಆಕೆಯ ಲೆಕ್ಕಕ್ಕೆ ಆಗಲೇ ಒಪ್ಪಿದ್ದರು. ಚಿತ್ರವನ್ನು ಮೇಜಿನ ಮೇಲೆ ಹರಡಿ ನಾನೇ ಮತ್ತೆ ಅಳೆದೆ. ಬೈಂಡಿಂಗ್ ಒಂದು ಬೆರಳು ಹಿಂದೆ ಹೋದರೆ ತೂತು ತಪ್ಪುತ್ತದೆ, ನಿಜ. ಆದರೆ ಒಂದು ಕಾಲು ಒಂದು ಬಗೆಯ ಸ್ಕೀ ಮೇಲೆ, ಇನ್ನೊಂದು ಕಾಲು ಎಷ್ಟು ವರ್ಷ ಹಳೆಯದೋ ತಿಳಿಯದ ಇನ್ನೊಂದರ ಮೇಲೆ. ರಸ್ತೆಯಿಂದ ಎರಡು ದಿನದ ದಾರಿ ಒಳಗೆ ಅದು ಬಿಟ್ಟರೆ, ಮೊಣಕಾಲು ತಿರುಗಿದ ಹುಡುಗಿಯನ್ನು ಹೊತ್ತು ತರುವವರು ಯಾರು? ಹಿಡಿಯುತ್ತದೆ ಎಂದು ನಾನು ಹತ್ತರಲ್ಲಿ ಒಂಬತ್ತು ಪಾಲು ನಂಬಿದ್ದೆ. ಬೆಳಿಗ್ಗೆ ಕರೆದು ಆಗದು ಎಂದೆ.

ಆಕೆ ಅಳಲಿಲ್ಲ. "ಹೂನ್ರಿ" ಎಂದು ಚಿತ್ರವನ್ನು ಮಡಚಿಕೊಂಡು ಹೋದಳು.

ನನ್ನ ಜೋಡಿಯನ್ನು ನಮ್ಮ ಎತ್ತರದ ಹುಡುಗನಿಗೆ ಕೊಟ್ಟೆ. ರೆಸಾರ್ಟಿನಲ್ಲಿ ಬಾಡಿಗೆಗೆ ಸಿಗುವುದು ಇಳಿಯುವ ಸ್ಕೀ ಮಾತ್ರ, ಅದರಲ್ಲಿ ಬೆಟ್ಟ ಹತ್ತಲಾಗದು. ಮೂವರು ಬೆಟ್ಟಕ್ಕೆ ಹೋಗುವುದು, ಅಲ್ಲಿನ ಮಾರ್ಗದರ್ಶಕರು ಕರೆದೊಯ್ಯುವುದು. ಆಕೆ ಮತ್ತು ಇನ್ನೊಬ್ಬ ವಿದ್ಯಾರ್ಥಿ ಬಾಡಿಗೆಯ ಭಾರದ ಸ್ಕೀಗಳಲ್ಲಿ ಹನ್ನೊಂದು ದಿನವೂ ರೆಸಾರ್ಟಿನ ಇಳಿಜಾರಿನಲ್ಲೇ ಉಳಿಯುವುದು, ನಾನು ಅವರೊಂದಿಗೆ ಇರುವುದು ಎಂದು ಗೊತ್ತುಮಾಡಿದೆ.

ಜನವರಿಯಲ್ಲಿ ಹೊಸ ಮೂರು ಜೋಡಿ ಹೇಗೆ ನಡೆದವು ಎಂಬುದನ್ನು ಹೇಳಬೇಕು. ಬೆಳಗಿನ ಗಟ್ಟಿ ಹಿಮದ ಮೇಲೆ ಮುಂತುದಿ ಸ್ವಲ್ಪ ಅದುರುತ್ತಿತ್ತು, ವೇಗ ಹೆಚ್ಚಿಸಿದರೆ ಭಾರದ ಸ್ಕೀಯಷ್ಟು ನೆಲ ಕಚ್ಚುತ್ತಿರಲಿಲ್ಲ. ಆದರೆ ಅಂಚು ಹಿಡಿಯುತ್ತಿತ್ತು. ಮೇಲಿನ ಮೆತ್ತನೆಯ ಹಿಮದಲ್ಲಿ ತೊಂಬತ್ತೆರಡು ಸಾಕಾಯಿತು ಎಂದು ಹುಡುಗರು ಬಂದು ಹೇಳಿದರು. ಎರಡು ಕೆಲಸವನ್ನೂ ಅರ್ಧ ಮಾಡಲಿಲ್ಲ, ಮುಕ್ಕಾಲು ಮಾಡಿದವು. ಅದಕ್ಕಿಂತ ಹೆಚ್ಚನ್ನು ನಾನು ಕೇಳಿರಲಿಲ್ಲ.

ಮೂವರೂ ಮೈಕೈ ನೆಟ್ಟಗಿರುವಂತೆ ವಾಪಸಾದರು. ಅವರು ಹೋದ ಐದೂ ದಿನ ಬಬಲೇಶ್ವರದ ಹುಡುಗಿ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಕೊಟ್ಟ ಪಾಠವನ್ನೆಲ್ಲ ಮಾಡಿದಳು. ಕುರ್ಚಿಯಲ್ಲಿ ಮೇಲೆ ಹೋಗುವಾಗ ಎದುರಿನ ಬೆಟ್ಟದ ಕಡೆ ನೋಡುತ್ತಿರಲಿಲ್ಲ.

ವಾಪಸಾಗುವ ರೈಲಿನಲ್ಲಿ, ಸೋಲಾಪುರ ಹತ್ತಿರ ಬರುವ ಹೊತ್ತಿಗೆ, ಆಕೆ ನನ್ನ ಎದುರಿಗೆ ಬಂದು ಕೂತಳು.

"ಸರ್ರ, ಆ ಜೋಡಿ ಮ್ಯಾಲ ಹೋಗಿದ್ರ ನಂಗೇನೂ ಆಗ್ತಿರಲಿಲ್ಲ."

"ಆಗ್ತಿರಲಿಲ್ಲೇನೋ," ಎಂದೆ. "ನಂಗ ಗೊತ್ತಿಲ್ಲ."

ಆಕೆ ಮುಂದಕ್ಕೆ ಬಾಗಿದಳು. "ಎಂಟನೇ ದಿನಾ ನಾ ಜೋರ ಬಿದ್ದೆ. ನೀವು ಕೆಳಗಿದ್ರಿ, ನೋಡಲಿಲ್ಲ. ಬಾಡಿಗಿ ಸ್ಕೀ ಎರಡೂ ಕಾಲಿಂದ ಟಕ್ಕನ ಬಿಟ್ಟು ಹೋದ್ವು. ಏನೂ ಆಗಲಿಲ್ಲ. ಬರ್ಫದಾಗ ಹಂಗ ಮಕ್ಕೊಂಡು ಭಾಳೊತ್ತ ವಿಚಾರ ಮಾಡಿದೆ."

ನಾನು ಅವಳ ಮೊಣಕಾಲುಗಳ ಕಡೆ ನೋಡಿದೆ.

"ನಿಮ್ಮ ಮ್ಯಾಲಿನ ಸಿಟ್ಟು ಹೋತು ಅಂತ ತಿಳ್ಕೋಬ್ಯಾಡ್ರಿ," ಎಂದಳು. "ಸಿಟ್ಟು ಹಂಗ ಐತಿ. ಬಿದ್ದಿದ್ದು ನಿಮಗ ಹೇಳಬೇಕು ಅನಿಸ್ತು, ಹೇಳಿದೆ."

ಸೋಲಾಪುರದಲ್ಲಿ ರೈಲು ಬದಲಿಸಬೇಕಿತ್ತು. ಸಾಮಾನು ಇಳಿಸುವಾಗ ಆಕೆ ಮೂರು ಜೋಡಿ ಸ್ಕೀಗಳ ಉದ್ದದ ಚೀಲವನ್ನು ಯಾರಿಗೂ ಕೊಡದೆ ತಾನೇ ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ನಡೆದಳು.